ಅವ್ವ ತೊಳೆದು ಕುಡಿದ ತಟ್ಟೆ

ನಾನು ಹುಟ್ಟಾ ಪುಕ್ಕಲ. ಕನ್ನಡಕದ ಅಂಗಡಿ ಇಟ್ಟದ್ದೂ ಅದಕ್ಕೇ ಇರಬೇಕು. ಆ ವ್ಯಾಪಾರದಲ್ಲಿ ಯಾರ ಜೀವಕ್ಕೂ ಅಪಾಯವಿಲ್ಲ. ಹೆಚ್ಚೆಂದರೆ ಗಾಜು ಒಡೆಯುತ್ತದೆ, ಇನ್ನೊಂದು ಹಾಕಿಕೊಟ್ಟರಾಯಿತು. ಚಿತ್ರದುರ್ಗದಲ್ಲಿ ಅಂಗಡಿ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮನೆ, ಮನೆಯಲ್ಲಿ ನಾನು ಮತ್ತು ಅವ್ವ. ನನಗೆ ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಅವ್ವ, "ಹೆಣ್ಣು ನೋಡಾಕೆ ಕರ್ಕೊಂಡು ಹೋದ್ರೆ ಇವನೇ ತಲೆ ಬಗ್ಗಿಸ್ಕೊಂಡು ಕುಂತ್ಕಂತಾನೆ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಅದೆಲ್ಲ ಸಣ್ಣ ಪುಟ್ಟ ಅಂಜಿಕೆ. ನಿಜವಾದ ಭಯ ಎಂದರೇನು ಎಂಬುದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಮನೆಯ ಬಾಗಿಲು ತೆಗೆದಾಗ.

ಅವ್ವನಿಗೆ ಜ್ವರ ಬಂದು ಹೋಗಿತ್ತು. ಎದ್ದು ಓಡಾಡುತ್ತಿದ್ದಳು, ಅಡುಗೆ ಶುರು ಮಾಡಿದ್ದಳು, ನಾನೂ ಆರಾಮಾದಳು ಎಂದುಕೊಂಡಿದ್ದೆ. ಊಟಕ್ಕೆಂದು ಬಂದು ಬಾಗಿಲು ತೆಗೆದರೆ ಗ್ಯಾಸಿನ ವಾಸನೆ ಮುಖಕ್ಕೆ ರಾಚಿತು. ಒಲೆಯ ಮೇಲೆ ಹಾಲು ಉಕ್ಕಿ ಉರಿ ಆರಿಹೋಗಿದೆ, ಗ್ಯಾಸು ಹಾಗೇ ಹರಿಯುತ್ತಿದೆ. ಅವ್ವ ಅಡುಗೆಮನೆಯ ಮೂಲೆಯಲ್ಲಿ ಮಣೆಯ ಮೇಲೆ ಕೂತು, ಹಣೆಗೆ ವಿಭೂತಿ ಹಚ್ಚಿಕೊಂಡು, ಊಟಕ್ಕೆ ಮುಂಚಿನ ಲಿಂಗಪೂಜೆಗೆ ಸಿದ್ಧಳಾಗಿದ್ದಾಳೆ. ಎಡಗೈಯಲ್ಲಿ ಬೆಂಕಿಪೊಟ್ಟಣ, ಬಲಗೈಯಲ್ಲಿ ಕಡ್ಡಿ. ಊದಿನಕಡ್ಡಿ ಹಚ್ಚಬೇಕು, ಅಷ್ಟೇ.

"ಗೀರಬೇಡ!" ಎಂದು ಕೂಗಿದೆ. ನನ್ನ ಗಂಟಲಲ್ಲಿ ಅಂಥ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಅವಳು ಬೆಚ್ಚಿ ಕಡ್ಡಿ ಕೆಳಗೆ ಹಾಕಿದಳು. "ಯಾಕ್ಲೇ, ಏನಾತು? ಹಾವು ಕಂಡಂಗೆ ಕೂಗ್ತೀಯಲ್ಲ!"

"ಗ್ಯಾಸು ವಾಸನೆ ಹೊಡೀತಿಲ್ವಾ ನಿಂಗೆ?"

ಅವಳು ಮೂಗು ಏರಿಸಿದಳು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಆಮೇಲೆ ನನ್ನನ್ನು ನೋಡಿದಳು. "ಇಲ್ಲಪ್ಪ" ಎಂದಳು. ಆ ಹೊತ್ತು ಅವಳ ಮುಖದಲ್ಲಿ ಕಂಡದ್ದೂ ಭಯವೇ. ನಾನು ಗ್ಯಾಸು ಬಂದ್ ಮಾಡಿ, ಕಿಟಕಿ ತೆಗೆದು, ಅವಳನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲೇ ಕೂತೆ.

ಮಾರನೇ ದಿನದಿಂದ ನಾನು ಅಂಗಡಿಗೆ ಹೋಗುವ ಮುಂಚೆ ಸಿಲಿಂಡರ್ ಬಂದ್ ಮಾಡಿ, ಲೈಟರನ್ನೂ ಬೆಂಕಿಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗತೊಡಗಿದೆ. ಅಂಗಡಿಯ ಡ್ರಾಯರಿನಲ್ಲಿ ಕನ್ನಡಕದ ಸ್ಕ್ರೂಗಳ ಜೊತೆಗೆ ನಮ್ಮ ಮನೆಯ ಲೈಟರ್ ಮಲಗಿರುತ್ತಿತ್ತು. ಬೆಳಿಗ್ಗೆ ಊದಿನಕಡ್ಡಿ ನಾನೇ ಹಚ್ಚಿಕೊಡುತ್ತಿದ್ದೆ, ಅಡುಗೆಯೂ ನನ್ನದೇ. ತಾಳ್ಯ ಊರಿನಿಂದ ಸೊಸೆಯಾಗಿ ಬಂದ ದಿನದಿಂದ ಆ ಒಲೆಯ ಮುಂದೆ ನಿಂತವಳು ಈಗ ನಡುಮನೆಯಲ್ಲಿ ಕೂತು ನನ್ನ ಪಾತ್ರೆಗಳ ಸದ್ದು ಕೇಳುತ್ತಿದ್ದಳು. ಜಗಳ ಮಾಡಿದ್ದರೆ ನನಗೆ ಸಮಾಧಾನವಿರುತ್ತಿತ್ತು, ಅವಳು ಮಾಡಲಿಲ್ಲ.

ಕೆಲವು ವಾರ ಕಳೆದ ಮೇಲೆ ಇನ್ನೊಂದು ಶುರುವಾಯಿತು. ಇಲ್ಲದ ವಾಸನೆ ಬರತೊಡಗಿತು. "ಏನೋ ಸೀಯ್ತಾ ಐತೆ ನೋಡ್ಲೇ" ಎನ್ನುವಳು. ನಾನು ಓಡಿ ಹೋಗಿ ನೋಡಿದರೆ ಒಲೆ ಆರಿರುತ್ತಿತ್ತು. ಎಂಥ ವಾಸನೆ ಎಂದರೆ, "ಟೈರ್ ಸುಟ್ಟಂಗೆ" ಎನ್ನುವಳು. ಸಾರಿನಲ್ಲಿ ಟೈರು, ಮುದ್ದೆಯಲ್ಲಿ ಟೈರು, ಕೊನೆಗೆ ಹಾಲಿನಲ್ಲೂ. ಡಾಕ್ಟರು, ವಾಸನೆ ಹಿಡಿಯುವ ನರಕ್ಕೆ ಜ್ವರದಿಂದ ಪೆಟ್ಟು ಬಿದ್ದಿದೆ, ಮತ್ತೆ ಬರಬಹುದು, ಬರದೆಯೂ ಇರಬಹುದು, ಊಟ ಮಾತ್ರ ಬಿಡಿಸಬೇಡಿ ಎಂದರು. ನಾನು ಮೊದಮೊದಲು ಅವಳು ಕರೆದಾಗಲೆಲ್ಲ ಎದ್ದು ಹೋಗುತ್ತಿದ್ದೆ. ಬರಬರುತ್ತಾ ಕೂತಲ್ಲಿಂದಲೇ "ಏನಿಲ್ಲಮ್ಮ" ಎನ್ನುವುದು ರೂಢಿಯಾಯಿತು. ಒಂದು ದಿನ ನಿಜವಾಗಿಯೂ ಏನೋ ಉರಿಯುತ್ತದೆ, ಅವತ್ತೂ ನಾನು ಏನಿಲ್ಲಮ್ಮ ಎಂದೇ ಕೂತಿರುತ್ತೇನೆ ಎಂದು ಅನಿಸುತ್ತಿತ್ತು.

ಅವಳು ಊಟ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ಅದಕ್ಕೆ ಕಾರಣ ಅವಳ ತಟ್ಟೆ. ನಮ್ಮಲ್ಲಿ ಉಣ್ಣುವುದೆಲ್ಲ ಪ್ರಸಾದ. ತಟ್ಟೆಗೆ ಬಿದ್ದದ್ದನ್ನು ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿಯುವುದು ಹಿರಿಯರ ಪದ್ಧತಿ. ನಾನು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಅವ್ವ ಬಿಟ್ಟಿರಲಿಲ್ಲ. ಬೇರೆ ಮನೆಗಳಲ್ಲಿ ಊಟ ಸೇರದವರ ತಟ್ಟೆಯಲ್ಲಿ ಅನ್ನ ಉಳಿಯುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ತಟ್ಟೆ ದಿನವೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿಡುವಂತಿಲ್ಲವೆಂದು ಅವಳು ಹಾಕಿಸಿಕೊಳ್ಳುವುದನ್ನೇ ಕಡಿಮೆ ಮಾಡುತ್ತಾ ಬಂದಿದ್ದಳು. ಅರ್ಧ ಮುದ್ದೆ, ಕಾಲು ಮುದ್ದೆ, ಆಮೇಲೆ ಒಂದು ತುತ್ತು. ನಾನು ಬಡಿಸಿ, ಮುಖ ತಗ್ಗಿಸಿ, ನನ್ನ ಪಾಡಿಗೆ ಉಂಡು ಏಳುತ್ತಿದ್ದೆ.

ನನಗೆ ಗೊತ್ತಾದದ್ದು ನನ್ನ ಕಸುಬಿನಿಂದ. ಅವಳ ಕನ್ನಡಕ ಮೂಗಿನಿಂದ ಜಾರುತ್ತದೆಂದು ಅಂಗಡಿಗೆ ತಂದು, ಕಡ್ಡಿ ಬಿಸಿ ಮಾಡಿ, ಕಿವಿಯ ಹಿಂದೆ ಇನ್ನಷ್ಟು ಬಗ್ಗಿಸಿಕೊಟ್ಟೆ. ಮತ್ತೆ ಜಾರಿತು, ಮತ್ತೆ ಬಗ್ಗಿಸಿದೆ. ಮೂರನೇ ಸಲ ಅವಳನ್ನೇ ಅಂಗಡಿಗೆ ಕರೆತಂದು ಫ್ರೇಮನ್ನು ಅವಳ ಮುಖಕ್ಕಿಟ್ಟು ಅಳತೆ ನೋಡುವಾಗ ಕೈ ನಿಂತುಹೋಯಿತು. ಫ್ರೇಮು ಸಡಿಲವಾಗಿರಲಿಲ್ಲ. ಮುಖ ಸಣ್ಣದಾಗಿತ್ತು. ಅವತ್ತು ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ, ಊಟ ಯಾಕೆ ಬಿಟ್ಟೆ ಎಂದು ಅವಳ ಮೇಲೆ ರೇಗಿದೆ. ಹೆದರಿದಾಗ ನಾನು ರೇಗುತ್ತೇನೆ, ಮೊದಲಿನಿಂದಲೂ ಹಾಗೇ.

ಆ ಗಿರಾಕಿಗಳಲ್ಲಿ ಒಬ್ಬ ಹೆಂಗಸು ಇದ್ದರು. ಮಸ್ಕತ್ತಿನಲ್ಲಿ ಬಹಳ ವರ್ಷ ಇದ್ದು, ಅಲ್ಲಿ ಹೋಟೆಲ್ಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿ, ಈಗ ಊರಿಗೆ ವಾಪಸು ಬಂದವರು. ಚಂದ್ರವಳ್ಳಿಯ ಕಡೆ ಮಹಡಿ ಮನೆಯಲ್ಲಿ ಭಾನುವಾರ ಬೇರೆ ಬೇರೆ ದೇಶಗಳ ಅಡುಗೆ ಕಲಿಸುತ್ತಿದ್ದರು. ಏಳೆಂಟು ಜನ ಮಾತ್ರ, ಅದರಲ್ಲಿ ಅರ್ಧ ಮಕ್ಕಳು. ಒಂದೊಂದು ಮೇಜಿಗೆ ದೊಡ್ಡವರೊಬ್ಬರು, ಮಗುವೊಂದು. ಅವರ ಕನ್ನಡಕದ ಗಾಜಿನ ಮೇಲೆ ಯಾವಾಗಲೂ ಮೈದಾ ಇರುತ್ತಿದ್ದುದರಿಂದ ನನಗೆ ಗುರುತು.

"ಭಾನುವಾರ ಕರ್ಕೊಂಡು ಬರ್ರಿ ಇವರನ್ನ" ಎಂದರು.

"ಮನೇ ಊಟನೇ ಸೇರ್ತಿಲ್ಲ, ಪರದೇಶದ್ದು ಎಲ್ಲಿ ಸೇರುತ್ತೆ?" ಎಂದೆ.

"ಬಂದು ಸುಮ್ನೆ ಕುಂತ್ಕಳ್ಳಿ. ಮನೇಲಿ ಒಬ್ರೇ ಕುಂತಿರೋದಕ್ಕಿಂತ ವಾಸಿ ಅಲ್ವಾ?"

ಅವ್ವ ಕೇಳಿದ್ದು ಒಂದೇ. "ಮೊಟ್ಟೆ ಗಿಟ್ಟೆ ಹಾಕ್ತೀರೇನವ್ವ?" ಇಲ್ಲವೆಂದರು. ಅವ್ವ, "ಹಂಗಾದ್ರೆ ಹೋಗಾಣ" ಎಂದುಬಿಟ್ಟಳು. ನನಗೆ ಆಶ್ಚರ್ಯವಾಯಿತು. ಅವಳಿಗೆ ಊಟ ಬೇಕಿರಲಿಲ್ಲ, ಒಲೆ ಬೇಕಿತ್ತು ಎಂಬುದು ಮಹಡಿ ಹತ್ತಿದ ಮೇಲೆ ತಿಳಿಯಿತು.

ಆ ಅಡುಗೆಮನೆಯಲ್ಲಿ ಉರಿಯುವ ಒಲೆಗಳೆಷ್ಟು, ಕಾದ ಎಣ್ಣೆಯೆಷ್ಟು, ಹರಿತವಾದ ಚಾಕುಗಳೆಷ್ಟು! ನಾನು ಅವ್ವನ ಬೆನ್ನ ಹಿಂದೆಯೇ ನಿಂತೆ. ಅವಳು ಕೈ ಚಾಚಿದರೆ ನಾನೂ ಚಾಚುತ್ತಿದ್ದೆ. ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಮಗನನ್ನು ಕರೆದುಕೊಂಡು ಬರುತ್ತಿದ್ದ ಒಬ್ಬ ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಕೊನೆಗೆ ಅವ್ವನೇ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನನ್ನ ಮೂಗು ಹೋಗೈತೆ, ಕೈ ಹೋಗಿಲ್ಲ. ಅತ್ಲಾಗೆ ಕುಂತ್ಕ ಹೋಗು" ಎಂದಳು. ನಾನು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂತೆ. ಅದೇ ನನ್ನ ಕಾಯಂ ಜಾಗವಾಯಿತು.

ಅವ್ವನ ಮೇಜಿಗೆ ಸಿಕ್ಕಿದ ಮಗು ಅಡುಗೆ ಕಲಿಸುವ ಆ ಟೀಚರ್ ಮಗಳೇ. ಒಂಬತ್ತು ವರ್ಷ ಇರಬಹುದು, ಮಾತು ಮಾತ್ರ ತೊಂಬತ್ತರದು. ಮೊದಲ ವಾರ ವಿಯೆಟ್ನಾಂ. ಅಕ್ಕಿಯ ತೆಳ್ಳನೆ ಹಾಳೆಯನ್ನು ನೀರಿನಲ್ಲಿ ಅದ್ದಿ, ಅದರೊಳಗೆ ಸೌತೆಕಾಯಿ, ಮಾವಿನಕಾಯಿ, ಪುದೀನ ಇಟ್ಟು ಸುತ್ತುವುದು. "ಹಪ್ಪಳ ಕರೀದೆ ನೆನಸ್ತಾರಲ್ಲೇ!" ಎಂದು ಅವ್ವ ನಕ್ಕಳು. ಅವಳ ನಗು ಕೇಳಿ ತಿಂಗಳುಗಳೇ ಆಗಿದ್ದವು. ಸುತ್ತಿದ್ದು ಮಾತ್ರ ಎಲ್ಲರಿಗಿಂತ ಬಿಗಿಯಾಗಿ, ಕಡುಬು ಕಟ್ಟಿದ ಕೈ ಅಲ್ಲವೇ. ತಟ್ಟೆಗೆ ಒಂದನ್ನು ಹಾಕಿಸಿಕೊಂಡು, ಕೊರಳ ಲಿಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕಚ್ಚಿದಳು. ಕರುಂ ಎಂದು ಸದ್ದಾಯಿತು. ಅವಳು ಅಗಿದಳು, ನುಂಗಿದಳು, ಇನ್ನೊಮ್ಮೆ ಕಚ್ಚಿದಳು.

ಅವಳು ಮುಗಿಸುವಷ್ಟರಲ್ಲಿ ಆ ಹುಡುಗಿ ಕೇಳದೆ ಇನ್ನೊಂದನ್ನು ತಟ್ಟೆಗೆ ಹಾಕಿಬಿಟ್ಟಳು. ನಾನು ಕುರ್ಚಿಯಿಂದ ಎದ್ದೆ. ಬಿದ್ದದ್ದನ್ನು ಬಿಡುವಂತಿಲ್ಲ, ಸೇರದ ಹೊಟ್ಟೆಗೆ ತುರುಕಿದರೆ ವಾಂತಿಯಾಗುತ್ತದೆ, ವಾಂತಿಯಾದರೆ ಇರುವ ಶಕ್ತಿಯೂ ಹೋಗುತ್ತದೆ. ಅವ್ವ ತಟ್ಟೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ಅದನ್ನೂ ತಿಂದಳು. ನೀರು ಹಾಕಿ ತಟ್ಟೆ ತೊಳೆದು ಕುಡಿದಳು. ಹುಡುಗಿ ಬಾಯಿ ತೆರೆದು ನೋಡಿ, ತನ್ನ ತಟ್ಟೆಯ ಖಾರದ ಚಟ್ನಿಗೂ ನೀರು ಬೆರೆಸಿ ಗಟಗಟ ಕುಡಿದು, ಕೆಮ್ಮಿ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡಳು. ಮನೆಗೆ ಹೋಗುವವರೆಗೂ ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ವಾಂತಿಯಾಗಲಿಲ್ಲ.

"ಹೆಂಗಿತ್ತು?" ಎಂದು ಕೇಳಲು ದಾರಿಯುದ್ದಕ್ಕೂ ಧೈರ್ಯ ಬೇಕಾಯಿತು.

"ಏನೂ ಗೊತ್ತಾಗಲಿಲ್ಲಪ್ಪ. ತಣ್ಣಗೆ, ಗರಿಗರಿ ಇತ್ತು" ಎಂದಳು. ಸ್ವಲ್ಪ ದೂರ ನಡೆದ ಮೇಲೆ ಅವಳೇ ಹೇಳಿದಳು. "ಅದರ ರುಚಿ ಹೆಂಗಿರಬೇಕು ಅಂತ ನಂಗೆ ಗೊತ್ತೇ ಇಲ್ವಲ್ಲ. ಅದಕ್ಕೇ ಕೆಟ್ಟೈತೆ ಅನ್ನಿಸಲಿಲ್ಲ. ಮನೇ ಸಾರು ಬಾಯಿಗಿಟ್ರೆ, ಇದು ಸಾರಲ್ಲ ಇದು ಸಾರಲ್ಲ ಅಂತ ಜೀವ ಬಡ್ಕಂತೈತೆ."

ಆ ಮಾತಿನಿಂದ ನನ್ನ ತಲೆಯಲ್ಲಿ ಏನೋ ಬೆಳಕಾಯಿತು, ಜೊತೆಗೇ ಹೆದರಿಕೆಯೂ ಆಯಿತು. ಹಾಗಾದರೆ ಇವಳು ಬದುಕಿರುವವರೆಗೆ ನಾನು ಇವಳಿಗೆ ಗೊತ್ತಿಲ್ಲದ ಊಟವನ್ನೇ ಹುಡುಕುತ್ತಿರಬೇಕೇ? ಪ್ರಪಂಚದಲ್ಲಿ ಇರುವ ದೇಶಗಳಾದರೂ ಎಷ್ಟು?

ಎಲ್ಲ ದೇಶವೂ ಒಲಿಯಲಿಲ್ಲ. ಲೆಬನಾನಿನ ಗೋಧಿನುಚ್ಚಿನ ಕೋಸಂಬರಿ ಅವಳಿಗೆ ಆರಿದ ಉಪ್ಪಿಟ್ಟನ್ನು ನೆನಪಿಸಿತು; ಹಾಕಿಸಿಕೊಂಡ ಒಂದು ಚಮಚಕ್ಕೇ ನಿಲ್ಲಿಸಿದಳು. ಇಟಲಿಯದು ಶಾವಿಗೆಯಾಗಿ ಕಂಡಿತು, ಅದೂ ಸಾಗಲಿಲ್ಲ. ಬರಿಯ ಭಾನುವಾರದ ಊಟದಿಂದ ಮೈ ತುಂಬುವುದುಂಟೇ? ನಾನು ಮನೆಯಲ್ಲಿ ಅಕ್ಕಿಹಾಳೆ ಸುತ್ತಲು ಹೋಗಿ ಹರಿದು ಮುದ್ದೆ ಮಾಡಿಟ್ಟೆ. ಒಂದು ಭಾನುವಾರ ಮಹಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಅವ್ವ ಕಂಬಿ ಹಿಡಿದು ನಿಂತಳು. ಮೊಣಕಾಲು ಕುಸಿಯಿತು. ಹಿಂದೆ ನಾನಿದ್ದೆ, ತೋಳಲ್ಲಿ ಹಿಡಿದುಕೊಂಡೆ. ಅವಳ ಭಾರ ಎಷ್ಟಿರಬಹುದೆಂದು ಮೈ ಬಿಗಿ ಮಾಡಿ ನಿಂತಿದ್ದವನಿಗೆ ಭಾರವೇ ಬೀಳಲಿಲ್ಲ. ನನಗೆ ಅಳು ಬಂತು. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, "ತಿನ್ನೋಕೇನು ರೋಗ ನಿಂಗೆ? ನನ್ನ ಒಬ್ಬನ್ನೇ ಬಿಟ್ಟು ಹೋಗ್ಬೇಕು ಅಂತ ಮಾಡಿದ್ದೀಯಾ?" ಎಂದು ಬೈದೆ. ಅವಳು ನನ್ನ ಕೈ ಸವರಿದಳು.

ಮಾರನೇ ದಿನ ಆಸ್ಪತ್ರೆಯಲ್ಲಿ ಡಾಕ್ಟರು ತೂಕದ ಮುಳ್ಳು ನೋಡಿ, ಹದಿನೈದು ದಿನ ಬಿಟ್ಟು ಬನ್ನಿ, ಇನ್ನೂ ಇಳಿದಿದ್ದರೆ ಅಡ್ಮಿಟ್ ಮಾಡಿಕೊಂಡು ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು.

"ಕೆಲಸಕ್ಕೆ ಬಾರದ ಮೂಗು, ಅದಕ್ಕೆ ನಳಿಕೆ ಬೇರೆ ಕೇಡು" ಎಂದಳು ಅವ್ವ. ಡಾಕ್ಟರು ನಕ್ಕರು. ನನ್ನಿಂದ ಆಗಲಿಲ್ಲ.

ಆ ಹದಿನೈದು ದಿನದೊಳಗೆ ಬಂದ ಮೊದಲ ಭಾನುವಾರದ್ದು ಟರ್ಕಿ. ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಬಳೆಯಂತೆ ಸುತ್ತಿ, ಬೆಲ್ಲದ ನೀರಿನಲ್ಲಿ ಅದ್ದಿ, ಮೈತುಂಬ ಎಳ್ಳು ಮೆತ್ತಿ, ಓವನ್ನಿನಲ್ಲಿ ಸುಡುವ ಬ್ರೆಡ್ಡು. ಎಳ್ಳು ಕಂಡ ಕೂಡಲೇ ನನ್ನ ಮನಸ್ಸು ಕುಗ್ಗಿತು. ಎಳ್ಳು ಅವಳಿಗೆ ಗೊತ್ತಿರುವ ಪದಾರ್ಥ. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿದ ಕೈ, ಸಂಕ್ರಾಂತಿಗೆ ಕೇರಿಗೆಲ್ಲ ಬೀರಿದ ಕೈ. ಇದನ್ನೂ ಬಾಯಿಗಿಟ್ಟರೆ, ಇದು ಎಳ್ಳಲ್ಲ ಎಂದು ಜೀವ ಬಡಿದುಕೊಳ್ಳುತ್ತದೆ, ಈ ವಾರವೂ ಹೋಯಿತು ಎಂದುಕೊಂಡೆ. ಅವ್ವ ಮತ್ತು ಹುಡುಗಿ ಬಳೆಗಳನ್ನು ತಟ್ಟೆಯಲ್ಲಿ ಜೋಡಿಸಿದರು. ಹುಡುಗಿ ಹಸಿ ಬಳೆಯೊಂದನ್ನು ಅವ್ವನ ಕೈಗೆ ತೊಡಿಸಲು ಹೋಗಿ ಅಮ್ಮನಿಂದ ಬೈಸಿಕೊಂಡಳು.

ಬ್ರೆಡ್ಡು ಓವನ್ ಸೇರಿದ ಮೇಲೆ ಟೀಚರ್ ಅಡುಗೆಮನೆಯ ಬಾಗಿಲು ಎಳೆದುಕೊಂಡು, ಎಲ್ಲರನ್ನೂ ಹೊರಗಿನ ಕೋಣೆಯಲ್ಲಿ ಕೂರಿಸಿ, ಟರ್ಕಿಯ ಚಹಾ ಮಾಡುವುದು ಹೇಗೆಂದು ಅಲ್ಲೇ ಮೇಜಿನ ಮೇಲೆ ಕುದಿಸಿ ತೋರಿಸುತ್ತಿದ್ದರು. ಫ್ಯಾನು ತಿರುಗುತ್ತಿತ್ತು, ಮಕ್ಕಳ ಗಲಾಟೆ ಇತ್ತು. ಅವ್ವ ನನ್ನ ಪಕ್ಕದಲ್ಲಿ ಕೂತಿದ್ದಳು.

"ಏನೋ ಸೀಯ್ತಾ ಐತೆ ನೋಡ್ಲೇ" ಎಂದಳು.

"ಏನಿಲ್ಲಮ್ಮ" ಎಂದೆ. ಏಳಲಿಲ್ಲ.

ಟೀಚರ್ ಮೂಗು ಏರಿಸಿ ನೋಡಿ, "ಇಲ್ಲ ಅಮ್ಮಾ, ಇನ್ನೂ ಹತ್ತು ನಿಮಿಷ ಬೇಕು" ಎಂದರು. ನನಗೂ ಬರೀ ಚಹಾದ ಪರಿಮಳ ಬರುತ್ತಿತ್ತು. ಅವ್ವ ನನ್ನ ಅಂಗಿಯ ತೋಳು ಹಿಡಿದು ಎಳೆದಳು.

"ಟೈರಲ್ಲ ಲೇ" ಎಂದಳು. "ಎಳ್ಳು. ಎಳ್ಳು ಸೀಯ್ತಾ ಐತೆ."

ನಾನು ಎದ್ದೆ. ಅಡುಗೆಮನೆಯ ಬಾಗಿಲವರೆಗಿನ ನಾಲ್ಕು ಹೆಜ್ಜೆ ನನ್ನ ಜೀವಮಾನದಲ್ಲಿ ಯಾವತ್ತೂ ಹೆದರದಷ್ಟು ಹೆದರಿಕೊಂಡು ಇಟ್ಟೆ. ಒಳಗೆ ಬೆಂಕಿ ಇರಬಹುದೆಂಬ ಭಯವಲ್ಲ. ಏನೂ ಇಲ್ಲದಿದ್ದರೆ ತಿರುಗಿ ಬಂದು ಅವಳ ಮುಖ ನೋಡಿ ಏನಿಲ್ಲಮ್ಮ ಎಂದು ಇನ್ನೊಮ್ಮೆ ಹೇಳಬೇಕಲ್ಲ ಎಂಬ ಭಯ. ಬಾಗಿಲು ತೆಗೆದೆ. ಮೊದಲು ಏನೂ ಕಾಣಲಿಲ್ಲ. ಓವನ್ನಿನ ಹತ್ತಿರ ಹೋಗಿ ಬಗ್ಗಿದೆ. ಬಳೆಗಳಿಂದ ಉದುರಿದ ಎಳ್ಳು ತಳದ ಕಾದ ಸರಳಿನ ಮೇಲೆ ಬಿದ್ದು ಕರ್ರಗಾಗಿ, ಅದರಿಂದ ದಾರದಷ್ಟು ತೆಳ್ಳನೆ ಹೊಗೆ ಏಳುತ್ತಿತ್ತು. ಕೆಳಗಿನ ತಟ್ಟೆಯ ಬಳೆಗಳ ತಳವೂ ಸೀದಿತ್ತು. ಅಷ್ಟು ಹತ್ತಿರ ಹೋದ ಮೇಲೆ ನನ್ನ ಮೂಗಿಗೂ ವಾಸನೆ ಬಡಿಯಿತು.

ಹಿಂದೆಯೇ ಬಂದ ಟೀಚರ್ "ಅಯ್ಯೋ" ಎಂದು ಸ್ವಿಚ್ಚು ಆರಿಸಿದರು. ನಾನು ಓವನ್ನಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಅವ್ವ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ. ಅವಳಿಗೂ ಹೆದರಿಕೆ.

"ಐತಾ?" ಎಂದಳು.

"ಐತಮ್ಮ" ಎಂದೆ. "ಸೀದೈತೆ."

ಅವಳು ಬಾಗಿಲ ಚೌಕಟ್ಟಿಗೆ ಒಂದು ಕೈ ಊರಿದಳು. ಕೊರಳ ಲಿಂಗವನ್ನು ಹಿಡಿದುಕೊಂಡಳು. ಆಮೇಲೆ ಎಲ್ಲರನ್ನೂ ಒಂದು ಸುತ್ತು ನೋಡಿ, "ಇಷ್ಟು ಜನ ಕುಂತಿದೀರಿ, ಒಬ್ಬರಿಗೂ ಗೊತ್ತಾಗಲಿಲ್ವಾ? ಮೂಗೆಲ್ಲಿಟ್ಟಿದ್ರಿ ಎಲ್ಲಾರೂ?" ಎಂದು ಗದರಿದಳು. ಮಕ್ಕಳು ತಬ್ಬಿಬ್ಬಾಗಿ ತಮ್ಮ ತಮ್ಮ ಮೂಗು ಮುಟ್ಟಿ ನೋಡಿಕೊಂಡರು.

ತಟ್ಟೆಗೆ ಸೀದ ಬಳೆಯನ್ನೇ ಹಾಕಿಸಿಕೊಂಡಳು. ಕಹಿಯಾಗಿದೆ, ಬೇಡ ಎಂದರೆ, "ಕಹಿ ಗೊತ್ತಾಗ್ಲಿ ಬಿಡು" ಎಂದಳು. ತಿಂದಳು. ಇನ್ನೊಂದನ್ನು ಅವಳೇ ಕೈ ಚಾಚಿ ತೆಗೆದುಕೊಂಡಳು. ನೀರು ಹಾಕಿ ತಟ್ಟೆ ತೊಳೆದಳು. ಕಪ್ಪು ಎಳ್ಳುಗಳು ನೀರಿನಲ್ಲಿ ಸುತ್ತು ಹೊಡೆಯುತ್ತಿದ್ದವು. ಒಂದನ್ನೂ ಬಿಡದೆ ಕುಡಿದಳು.

ಹದಿನೈದು ದಿನದ ಮೇಲೆ ತೂಕದ ಮುಳ್ಳು ಇಳಿದಿರಲಿಲ್ಲ. ಏರಿಯೂ ಇರಲಿಲ್ಲ. ನಳಿಕೆಯ ಮಾತನ್ನು ಡಾಕ್ಟರು ಸದ್ಯಕ್ಕೆ ಬಿಟ್ಟರು. ಟೈರಿನ ವಾಸನೆ ಇನ್ನೂ ಬರುತ್ತದಂತೆ, ಸಾರು ಇನ್ನೂ ಸಾರಾಗಿಲ್ಲ. ಅವಳು ಸೀಯ್ತಾ ಐತೆ ಎಂದರೆ ಈಗ ನಾನು ಪ್ರತಿ ಸಲವೂ ಎದ್ದು ಹೋಗಿ ನೋಡುತ್ತೇನೆ.

ಆಸ್ಪತ್ರೆಯಿಂದ ಬಂದ ಮಾರನೇ ಬೆಳಿಗ್ಗೆ ನಾನು ಸಿಲಿಂಡರ್ ಬಂದ್ ಮಾಡಿ, ಲೈಟರ್ ಚೀಲಕ್ಕೆ ಹಾಕಿ ಹೊರಟಿದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು.

"ಲೈಟರ್ ಕೊಡು. ಎಳ್ಳು ಹುರೀಬೇಕು."

ಕೊಡಲಾರೆ ಎನ್ನಲು ಬಾಯಿ ತೆರೆದೆ. ಗ್ಯಾಸಿನ ವಾಸನೆ ಅವಳಿಗೆ ಬರುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಚೀಲದಿಂದ ಲೈಟರ್ ತೆಗೆದುಕೊಟ್ಟೆ, ಒಳಗೆ ಹೋಗಿ ಸಿಲಿಂಡರ್ ತಿರುಗಿಸಿದೆ, ಕಿಟಕಿ ತೆಗೆದಿಟ್ಟೆ. ಅವಳು ಒಲೆ ಹಚ್ಚಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಅಂಗಡಿಗೆ ಹೋಗಪ್ಪ" ಎಂದಳು ಬಾಣಲೆಯಿಂದ ಕಣ್ಣೆತ್ತದೆ. "ಸೀದ್ರೆ ನಾನೇ ಹೇಳ್ತೀನಿ."